ಇಗರ್ಜಿ ಅಂಗಳದ ಕುಸ್ವಾರ್ ಡಬ್ಬ: 650 ರೂಪಾಯಿಗೆ ಏನು ಸಿಕ್ಕಿತು, ಏನು ಮುರಿದಿತ್ತು

ಮೊದಲೇ ಹೇಳಿಬಿಡುತ್ತೇನೆ, ನಾನು ಕ್ರಿಸ್‌ಮಸ್‌ಗೆ ದುಡ್ಡು ಕೊಟ್ಟು ಕುಸ್ವಾರ್ ತಿಂಡಿ ತರುವ ಮನೆಯವಳಲ್ಲ. ನಮ್ಮಲ್ಲಿ ಡಿಸೆಂಬರ್ ಎರಡನೇ ವಾರ ಬಂತೆಂದರೆ ಊಟದ ಮೇಜಿನ ಮೇಲೆ ಹಳೇ ಪೇಪರ್ ಹಾಸುತ್ತಿದ್ದೆವು, ಮಮ್ಮಿ ಹಿಟ್ಟು ನಾದಿ ಒದ್ದೆ ಬಟ್ಟೆ ಮುಚ್ಚಿಡುತ್ತಿದ್ದರು, ನಾವು ಮಕ್ಕಳು ಸುತ್ತ ಕೂತು ಹೊಸ ಬಾಚಣಿಗೆಯ ಹಲ್ಲಿನ ಮೇಲೆ ಹಿಟ್ಟು ಒತ್ತಿ ಉರುಳಿಸುತ್ತಾ ರಾತ್ರಿ ಹನ್ನೊಂದರವರೆಗೆ ಜಗಳ ಆಡುತ್ತಿದ್ದೆವು. ಈ ಸಲ ಮಮ್ಮಿಗೆ ಮಣಿಕಟ್ಟು ನೋವು. ಡಾಕ್ಟರು ಹಿಟ್ಟು ನಾದಲೇಬೇಡಿ ಅಂದಿದ್ದಾರೆ. ನಾನೋ ಬೆಂಗಳೂರಿನಿಂದ ಎರಡು ದಿನಕ್ಕೆ ಬಂದವಳು, ಎಣ್ಣೆ ಬಾಣಲೆ ಮುಂದೆ ನಿಲ್ಲುವಷ್ಟು ಪುರುಸೊತ್ತಿಲ್ಲ, ನಿಜ ಹೇಳಬೇಕೆಂದರೆ ಮನಸ್ಸೂ ಇರಲಿಲ್ಲ. ಹಾಗಾಗಿ ಮಂಗಳೂರಿನ ನಮ್ಮ ಇಗರ್ಜಿಯ, ಅಂದರೆ ಚರ್ಚಿನ, ಅಂಗಳದಲ್ಲಿ ಹೆಂಗಸರು ಹಾಕುವ ಮಳಿಗೆಯಿಂದ ಮೂರು ಡಬ್ಬ ತಂದೆ. ಇದು ಅದರ ರಿವ್ಯೂ. ಇಗರ್ಜಿಯ ಹೆಸರು ಹೇಳುವುದಿಲ್ಲ. ರೊಸಾರಿಯೊ 1568ರದ್ದು, ಮಿಲಾಗ್ರಿಸ್ 1680ರದ್ದು, ನಮ್ಮದು ಅಷ್ಟು ಹಳೆಯದಲ್ಲ, ಇಷ್ಟು ಸಾಕು. ಹೆಸರು ಹಾಕಿದರೆ ಮುಂದಿನ ಸಲ ಪೂಜೆ ಮುಗಿಸಿ ಗೇಟು ದಾಟುವುದು ಕಷ್ಟ.

ಗೊತ್ತಿಲ್ಲದವರಿಗೆ ಒಂದು ಮಾತು. ಕುಸ್ವಾರ್ ಅಂದರೆ ಒಂದು ತಿಂಡಿ ಅಲ್ಲ, ಕ್ರಿಸ್‌ಮಸ್‌ಗೆ ನಮ್ಮ ಕಡೆಯ ಕ್ಯಾಥೊಲಿಕ್ ಮನೆಗಳಲ್ಲಿ ಮಾಡುವ ತಿಂಡಿಗಳ ಇಡೀ ಪಟಾಲಮ್ಮಿಗೆ ಆ ಹೆಸರು. ನೆವ್ರ್ಯೊ, ಕಿಡ್ಯೊ, ಗುಳಿಯೊ, ತುಕ್ಡಿ, ಕೊಕ್ಕಿಸಾಂ, ಚಕ್ಲಿ, ಎಳ್ಳುಂಡೆ, ಕೇಕು, ಸೀಬೆಹಣ್ಣಿನ ಪೆರಾಡ್, ಹೀಗೆ. ಮನೆಯಿಂದ ಮನೆಗೆ ಸ್ವಲ್ಪ ಬದಲಾಗುತ್ತದೆ, ಆದರೆ ಇವನ್ನೆಲ್ಲ ತಟ್ಟೆಗೆ ಹಾಕಿ ಕ್ರೋಶಾ ಬಟ್ಟೆ ಮುಚ್ಚಿ ಅಕ್ಕಪಕ್ಕದ ಮನೆಗೆ ಕೊಡುವುದು ಮಾತ್ರ ಎಲ್ಲ ಕಡೆ ಒಂದೇ. ಶೆಟ್ಟರ ಮನೆ, ಬ್ಯಾರಿಗಳ ಮನೆ, ಭಟ್ಟರ ಮನೆ, ಯಾರನ್ನೂ ಬಿಡುವ ಹಾಗಿಲ್ಲ. ಬಿಟ್ಟರೆ ಅವರೇ ಗೇಟಿನ ಹತ್ತಿರ ನಿಂತು ಕೇಳುತ್ತಾರೆ, ಈ ಸಲ ಹಬ್ಬ ಇಲ್ವಾ ಅಂತ.

ನಾನು ಹೋದದ್ದು ಆಗಮನ ಕಾಲದ, ಅಂದರೆ ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ವಾರಗಳ ತಯಾರಿಯ ಕಾಲದ, ಮೂರನೇ ಭಾನುವಾರ. ಹೂಮಾಲೆಯಲ್ಲಿ ಇಡುವ ನಾಲ್ಕು ಮೊಂಬತ್ತಿಗಳಲ್ಲಿ ಮೂರು ನೇರಳೆ, ಒಂದು ಗುಲಾಬಿ ಬಣ್ಣದ್ದು. ಆ ಗುಲಾಬಿ ಮೊಂಬತ್ತಿ ಹಚ್ಚುವ ಭಾನುವಾರ, ಫಾದರ್ ಕೂಡ ನೇರಳೆ ಬಿಟ್ಟು ಗುಲಾಬಿ ಬಣ್ಣದ ವಸ್ತ್ರ ಹಾಕಿದ್ದರು. ಕೊಂಕಣಿ ಪೂಜೆ ಮುಗಿಯುವ ಮೊದಲೇ ಹಿಂದಿನ ಬೆಂಚಿನಲ್ಲಿದ್ದ ನಾಲ್ಕೈದು ಮಂದಿ ಮೆಲ್ಲಗೆ ಜಾರಿಕೊಂಡರು. ಯಾಕೆ ಅಂತ ಹೊರಗೆ ಬಂದ ಮೇಲೆ ಗೊತ್ತಾಯಿತು. ಮಳಿಗೆ ಮುಂದೆ ಆಗಲೇ ದೊಡ್ಡ ಸಾಲು. ಟೋಕನ್ ತೆಗೆದುಕೊಳ್ಳಲು ಒಂದು ಸಾಲು, ದುಡ್ಡು ಕೊಡಲು ಇನ್ನೊಂದು, ಡಬ್ಬ ತೆಗೆದುಕೊಳ್ಳಲು ಮತ್ತೊಂದು. 40 ನಿಮಿಷ ನಿಂತೆ. ಫೋನಿನಲ್ಲಿ ದುಡ್ಡು ಕಳಿಸೋಣ ಅಂದರೆ ಸಿಗ್ನಲ್ ಇಲ್ಲ. ಸ್ಕ್ಯಾನ್ ಮಾಡುವ ಚೀಟಿಯನ್ನು ಚೆಂದಕ್ಕೆ ಲ್ಯಾಮಿನೇಟ್ ಮಾಡಿ ನೇತು ಹಾಕಿದ್ದರು, ಅದರ ಮುಂದೆ ಜನ ಫೋನ್ ಮೇಲೆತ್ತಿ ಆಕಾಶ ತೋರಿಸುತ್ತಾ ನಿಂತಿದ್ದರು. ನಗದು ತೆಗೆದುಕೊಂಡು ಹೋಗಿ. ಹೋಗುವಾಗ ಚಿಲ್ಲರೆಯೂ ಇರಲಿ.

ಒಂದು ಕಿಲೋ ಡಬ್ಬಕ್ಕೆ 650 ರೂಪಾಯಿ. ಅದರಲ್ಲಿ 100 ರೂಪಾಯಿ ಇಗರ್ಜಿಯ ಬಡವರ ನಿಧಿಗೆ ಅಂತ ರಟ್ಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದು ನಿಲ್ಲಿಸಿದ್ದರು. ಮೂರು ಡಬ್ಬಕ್ಕೆ 1950 ಎಣಿಸಿಕೊಟ್ಟೆ. ಆಮೇಲೆ ಶುರುವಾಯಿತು ನೋಡಿ. ಡಬ್ಬದ ಮುಚ್ಚಳ ಪಾರದರ್ಶಕ, ಒಳಗೆ ಏನಿದೆ ಕಾಣುತ್ತದೆ. ನನಗೆ ಸಿಕ್ಕಿದ ಮೊದಲನೇ ಡಬ್ಬದಲ್ಲಿ ಎರಡು ಕೊಕ್ಕಿಸಾಂ ಮುರಿದು ಚೂರಾಗಿದ್ದವು. ಕೆಳಗಿನ ಡಬ್ಬ ಕೊಡಿ ಆಂಟಿ, ಅದರಲ್ಲಿ ಚೆನ್ನಾಗಿದೆ ಅಂದೆ. ಆಂಟಿ ಕಣ್ಣೆತ್ತಿ ನೋಡಲೂ ಇಲ್ಲ. "ಆರಿಸುವ ಹಾಗಿಲ್ಲ ಬಾಯೆ, ಮೇಲಿನಿಂದ ಸಾಲಾಗಿ ಬಂದದ್ದು ತಗೊಳ್ಳಬೇಕು." ಹಣ್ಣಿನ ಅಂಗಡಿಯಲ್ಲೂ ಆರಿಸಲು ಬಿಡುತ್ತಾರೆ, ಇಲ್ಲಿ 650 ಕೊಟ್ಟವಳಿಗೆ ಬಿಡುವುದಿಲ್ಲ ಅಂದರೆ ಯಾರಿಗೆ ಸಿಟ್ಟು ಬರುವುದಿಲ್ಲ ಹೇಳಿ. ಹಿಂದಿದ್ದವರು ಗೊಣಗಲು ಶುರು ಮಾಡಿದ್ದರಿಂದ ಸುಮ್ನೆ ತೆಗೆದುಕೊಂಡು ಬಂದೆ. ಇದಕ್ಕೆ ಒಂದು ಸ್ಟಾರ್ ಕಡಿಮೆ ಮಾಡುವುದು ಅಂತ ಅಲ್ಲೇ ತೀರ್ಮಾನ ಮಾಡಿದ್ದೆ.

ಈಗ ರುಚಿಯ ವಿಷಯ.

ಕಿಡ್ಯೊ ಅದ್ಭುತ. ಕೊಂಕಣಿಯಲ್ಲಿ ಕಿಡೊ ಅಂದರೆ ಹುಳ, ಸುರುಳಿ ಸುತ್ತಿಕೊಂಡ ಹುಳದ ಹಾಗೆ ಕಾಣುವುದಕ್ಕೆ ಆ ಹೆಸರು, ಹೆಸರು ಕೇಳಿ ಹೆದರಬೇಡಿ. ಮೈದಾ, ಸ್ವಲ್ಪ ರವೆ, ತೆಂಗಿನಹಾಲು, ಮೊಟ್ಟೆ ಹಾಕಿ ಕಲಸಿದ ಹಿಟ್ಟು, ಕರಿದ ಮೇಲೆ ಸಕ್ಕರೆ ಪಾಕದಲ್ಲಿ ಹೊರಳಿಸುತ್ತಾರೆ. ಇದರಲ್ಲಿ ಮೋಸ ಮಾಡುವುದು ಸುಲಭ. ತೆಂಗಿನಹಾಲಿನ ಬದಲು ನೀರು ಹಾಕಿದರೆ ಕಲ್ಲಾಗುತ್ತದೆ, ದಪ್ಪಕ್ಕೆ ಉರುಳಿಸಿದರೆ ಹೊರಗೆ ಕೆಂಪಾಗಿ ಒಳಗೆ ಹಸಿ ಉಳಿಯುತ್ತದೆ. ಇವರದ್ದು ಕಚ್ಚಿದರೆ ಪುಡಿಯಾಗುವ ಹದ, ಸುರುಳಿಯ ಮೇಲೆ ಗೆರೆಗಳು ಸ್ಪಷ್ಟ. ಗೆರೆ ನೋಡಿಯೇ ಮಮ್ಮಿ ಹೇಳಿದರು, ಇದು ಬಾಚಣಿಗೆಯದ್ದು, ಫೋರ್ಕಿನದ್ದಲ್ಲ ಅಂತ. ಗೆರೆಯ ನಡುವಿನ ಅಂತರದಲ್ಲಿ ಗೊತ್ತಾಗುತ್ತದಂತೆ. ನನಗೆ 44 ವರ್ಷ, ಈಗಲೂ ಗೊತ್ತಾಗುವುದಿಲ್ಲ.

ನೆವ್ರ್ಯೊ ವಿಷಯಕ್ಕೆ ಬಂದರೆ ನನ್ನ ತಕರಾರು ಇದೆ. ಬಯಲುಸೀಮೆಯವರಿಗೆ ಇದು ಕರ್ಜಿಕಾಯಿ ಅಂದರೆ ಸುಲಭ. ಹೂರಣ ತುಂಬಾ ಚೆನ್ನಾಗಿತ್ತು. ಎಳ್ಳು, ಕೊಬ್ಬರಿ, ಗೋಡಂಬಿ ಚೂರು, ಒಣದ್ರಾಕ್ಷಿ, ಏಲಕ್ಕಿ ಎಲ್ಲಾ ಹದವಾಗಿ ಇತ್ತು, ಎಳ್ಳು ಹುರಿದ ವಾಸನೆ ಡಬ್ಬ ತೆರೆದಾಗಲೇ ಬಂತು. ಆದರೆ ಅಂಚು ಸರಿಯಾಗಿ ಒತ್ತಿಲ್ಲ. ಆ ಹಲ್ಲಿನ ಚಕ್ರದಿಂದ ಅಂಚು ಕತ್ತರಿಸುವ ಮೊದಲು ಬೆರಳಿಗೆ ಚೂರು ನೀರು ಮುಟ್ಟಿಸಿ ಒತ್ತಬೇಕು, ಇಲ್ಲದಿದ್ದರೆ ಎಣ್ಣೆಯಲ್ಲಿ ಬಾಯಿ ಬಿಡುತ್ತದೆ, ಹೂರಣ ಹೊರಗೆ ಬಂದು ಕರಿಕಲಾಗಿ ಮುಂದಿನ ಘಾಣಕ್ಕೆಲ್ಲ ಕಪ್ಪು ಚುಕ್ಕೆ ಹತ್ತುತ್ತದೆ. ಮೂರು ಡಬ್ಬದಲ್ಲಿ ಒಟ್ಟು ಏಳು ನೆವ್ರಿಗಳು ಬಾಯಿ ಬಿಟ್ಟಿದ್ದವು. ಎಣಿಸಿದ್ದೇನೆ. ಯಾರೋ ಹೊಸಬರು ಒತ್ತಿದ್ದಾರೆ ಅಂತ ಅನ್ನಿಸುತ್ತದೆ, ಯಾಕೆಂದರೆ ಉಳಿದವು ಅಳತೆ ಹಿಡಿದ ಹಾಗೆ ಇದ್ದವು.

ಕೊಕ್ಕಿಸಾಂ, ಅಂದರೆ ಗುಲಾಬಿ ಹೂವಿನ ಹಾಗಿರುವ ಅಚ್ಚಿನ ತಿಂಡಿ. ಬಿಸಿ ಎಣ್ಣೆಯಲ್ಲಿ ಕಾದ ಅಚ್ಚನ್ನು ತೆಳು ಹಿಟ್ಟಿನಲ್ಲಿ ಮುಕ್ಕಾಲು ಮಾತ್ರ ಮುಳುಗಿಸಬೇಕು, ಪೂರ್ತಿ ಮುಳುಗಿದರೆ ಅಚ್ಚು ಬಿಟ್ಟು ಬರುವುದೇ ಇಲ್ಲ. ಇವರದ್ದು ಕಾಗದದಷ್ಟು ತೆಳ್ಳಗಿತ್ತು, ಅದಕ್ಕೇ ಮುರಿದದ್ದು ಕೂಡ. ದಪ್ಪ ಮಾಡಿದ್ದರೆ ಮುರಿಯುತ್ತಿರಲಿಲ್ಲ, ಆದರೆ ತಿನ್ನಲು ಚೆನ್ನಾಗಿರುತ್ತಿರಲಿಲ್ಲ. ಬೆಂಗಳೂರಿನ ರಾತ್ರಿ ಬಸ್ಸಿನಲ್ಲಿ ಶಿರಾಡಿ ಘಾಟಿ ಹತ್ತಿದ ಮೇಲೆ ನನ್ನ ಕೈಗೆ ಇಡಿಯಾಗಿ ಉಳಿದದ್ದು ಎರಡೇ. ಇದು ಅವರ ತಪ್ಪಲ್ಲ.

ಗುಳಿಯೊ, ಅಂದರೆ ಪುಟ್ಟ ಗೋಲಿಯಂಥ ತಿಂಡಿ, ಚೆನ್ನಾಗಿತ್ತು. ತುಕ್ಡಿ ಪರವಾಗಿಲ್ಲ, ಶಂಕರಪೋಳಿ ತಿಂದವರಿಗೆ ಹೊಸದೇನಿಲ್ಲ. ಚಕ್ಲಿಗೆ ಉಪ್ಪು ಒಂದು ಚೂರು ಜಾಸ್ತಿ. ಪೆರಾಡ್ ನಾಲ್ಕೇ ತುಂಡು ಇಟ್ಟಿದ್ದಾರೆ, ಸೀಬೆಹಣ್ಣಿನ ತಿರುಳನ್ನು ಸಕ್ಕರೆ ಜೊತೆ ಬಾಣಲೆ ಬಿಡುವವರೆಗೆ ಮಗುಚುತ್ತಾ ನಿಂತವರಿಗೆ ಗೊತ್ತು ಆ ನಾಲ್ಕು ತುಂಡಿನ ಬೆಲೆ, ಹಾಗಾಗಿ ಅದರ ಬಗ್ಗೆ ಮಾತಿಲ್ಲ. ಕೇಕು ಬೇರೆ ಮಾರುತ್ತಿದ್ದರು, ನಾನು ತರಲಿಲ್ಲ.

ಹೋಲಿಕೆಗೆ ಬೇಕೆಂದರೆ, ಹಿಂದಿನ ವರ್ಷ ಆಫೀಸಿನವರಿಗೆ ಕೊಡಲು ಅಂತ ಊರಿನ ಒಂದು ಬೇಕರಿಯಿಂದ ಡಬ್ಬ ತಂದಿದ್ದೆ. ಬೆಳ್ಳಿ ರಿಬ್ಬನ್, ಮೇಲೆ ಹಿಮಸಾರಂಗದ ಚಿತ್ರ, ಬೆಲೆ ಇದಕ್ಕಿಂತ ಜಾಸ್ತಿ. ಒಳಗೆ ಅರ್ಧಕ್ಕರ್ಧ ಮಿಕ್ಸ್ಚರ್. ಕಿಡ್ಯೊದಿಂದ ಹಳೇ ಎಣ್ಣೆ ವಾಸನೆ. ನೆವ್ರಿಯೊಳಗೆ ಅಂಗಡಿಯ ಒಣ ಕೊಬ್ಬರಿ ಪುಡಿ ಬಿಟ್ಟರೆ ಬೇರೆ ಏನೂ ಇಲ್ಲ, ಎಳ್ಳನ್ನು ಹುಡುಕಿ ಹುಡುಕಿ ಎಣಿಸಬೇಕಿತ್ತು. ಆಫೀಸಿನ ಹುಡುಗರು ಪಾಪ, ಸೂಪರ್ ಮೇಡಂ ಅಂದರು. ನನಗೆ ನಾಚಿಕೆಯಾಯಿತು, ಇದನ್ನೇ ನಮ್ಮ ಊರಿನ ಕುಸ್ವಾರ್ ಅಂದುಕೊಂಡುಬಿಟ್ಟರಲ್ಲಾ ಅಂತ.

ಈಗ ಆ ಆರಿಸಬಾರದು ಎಂಬ ನಿಯಮದ ಕಥೆಗೆ ವಾಪಸ್ ಬರುತ್ತೇನೆ. ಡಬ್ಬ ಹಿಡಿದು ಪಾರ್ಕಿಂಗ್ ಕಡೆ ಹೋಗುವಾಗ ನಮ್ಮ ವಾರ್ಡಿನ ಗುರ್ಕಾರ್ ಮಾಮ್ ಸಿಕ್ಕಿದರು. ಇಗರ್ಜಿಗೆ ಸೇರಿದ ಮನೆಗಳನ್ನು ವಾರ್ಡುಗಳಾಗಿ ಹಂಚಿರುತ್ತಾರೆ, ಒಂದೊಂದು ವಾರ್ಡಿಗೆ ಒಬ್ಬರು ಗುರ್ಕಾರ್. ಯಾರ ಮನೆಯಲ್ಲಿ ಕಾಯಿಲೆ, ಯಾರ ಮಗನಿಗೆ ಕೆಲಸ ಹೋಯಿತು, ಇದೆಲ್ಲ ಫಾದರ್‌ಗಿಂತ ಮೊದಲು ಅವರಿಗೆ ಗೊತ್ತಿರುತ್ತದೆ. ಮಾಮ್ ಕೈಯಲ್ಲಿ ಒಂದು ಚೀಟಿ, ಸ್ಕೂಟರಿನ ಮುಂದೆ ಗೋಣಿಚೀಲ. ನಾನು ನೋಡುತ್ತಿದ್ದ ಹಾಗೆ ಮಳಿಗೆಯ ಹಿಂದಿನಿಂದ ಹೋಗಿ, ನಾವು ಸಾಲು ನಿಂತು ತೆಗೆದುಕೊಂಡ ಅದೇ ರಾಶಿಯ ಮೇಲಿನಿಂದ ಆರು ಡಬ್ಬ ಎಣಿಸಿ ಚೀಲಕ್ಕೆ ಹಾಕಿಕೊಂಡರು. ಅದೇ ಡಬ್ಬ, ಅದೇ ಮುಚ್ಚಳ, ಮೇಲೆ ಹೆಸರಿಲ್ಲ, ಸ್ಟಿಕ್ಕರ್ ಇಲ್ಲ. ಯಾರಿಗೆ ಮಾಮ್ ಅಂತ ಕೇಳಿದೆ. ಹೇಳಲಿಲ್ಲ. "ನಿನಗೆ ಬಂದದ್ದೇ ಅವರಿಗೂ ಬಂತು" ಅಂದರು ಅಷ್ಟೇ.

ಅಂದರೆ ಲೆಕ್ಕ ಹೀಗೆ. ದುಡ್ಡು ಕೊಡುವವರಿಗೆ ಆರಿಸಲು ಬಿಟ್ಟರೆ ಮುರಿದದ್ದು, ಬಾಯಿ ಬಿಟ್ಟದ್ದು ಎಲ್ಲ ರಾಶಿಯ ಅಡಿಯಲ್ಲಿ ಉಳಿಯುತ್ತದೆ. ಉಳಿದದ್ದು ಯಾರ ಮನೆಗೆ ಹೋಗುತ್ತದೆ ಅಂತ ಬಿಡಿಸಿ ಹೇಳಬೇಕಾ. ಅದಕ್ಕೇ ಆ ಆಂಟಿ ಅಷ್ಟು ಬಿಗಿಯಾಗಿ ನಿಂತದ್ದು. ಯಾವ ಬಡವರ ಮನೆಗೆ ಡಬ್ಬ ಹೋಗಬೇಕು ಅಂತ ಪಟ್ಟಿ ಮಾಡುವ ಕೆಲಸದಲ್ಲಿ ಗುರ್ಕಾರರ ಜೊತೆ ವಿನ್ಸೆಂಟ್ ದಿ ಪಾವ್ಲ್ ಸಭೆಯವರೂ ಇರುತ್ತಾರೆ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡರಿಕ್ ಓಝಾನಾಮ್ ಎಂಬ 20 ವರ್ಷದ ವಿದ್ಯಾರ್ಥಿ ಗೆಳೆಯರ ಜೊತೆ ಸೇರಿ ಶುರು ಮಾಡಿದ ಸಭೆ ಅದು. ಅವರ ರೀತಿ ಏನೆಂದರೆ ಬಡವರನ್ನು ಇಗರ್ಜಿಗೆ ಕರೆಸಿ ಸಾಲು ನಿಲ್ಲಿಸುವುದಿಲ್ಲ, ತಾವೇ ಅವರ ಮನೆಗೆ ಹೋಗಿ ಕೂತು ಮಾತಾಡಿ ಬರುತ್ತಾರೆ. ಸಭೆ ಸೇರಿದಾಗ ತಮ್ಮತಮ್ಮಲ್ಲೇ ದುಡ್ಡು ಕೂಡಿಸಲು ಒಂದು ಗುಟ್ಟಿನ ಚೀಲ ಹಿಡಿಯುತ್ತಾರೆ, ಒಬ್ಬರು ಎಷ್ಟು ಹಾಕಿದರು ಅಂತ ಇನ್ನೊಬ್ಬರಿಗೆ ತಿಳಿಯುವ ಹಾಗಿಲ್ಲ. ನೆರವು ಕ್ಯಾಥೊಲಿಕರಿಗೆ ಮಾತ್ರ ಅಂತಲೂ ಇಲ್ಲ.

ಇದು ನನಗೆ ಯಾಕೆ ಇಷ್ಟು ತಾಗಿತು ಅಂದರೆ, ನಮ್ಮ ಮನೆಯೂ ಒಂದು ವರ್ಷ ಇಂಥ ಪಟ್ಟಿಯಲ್ಲಿತ್ತು. ಪಪ್ಪ ಕುವೈತಿನಲ್ಲಿದ್ದರು. 1990ರ ಆಗಸ್ಟ್‌ನಲ್ಲಿ ಇರಾಕಿನ ಸೇನೆ ನುಗ್ಗಿದ ಮೇಲೆ ಒಂದು ಲಕ್ಷಕ್ಕೂ ಜಾಸ್ತಿ ಭಾರತೀಯರನ್ನು ಅಮ್ಮಾನ್ ಮೂಲಕ ವಿಮಾನದಲ್ಲಿ ವಾಪಸ್ ಕರೆತಂದರಲ್ಲ, ಅದರಲ್ಲಿ ಪಪ್ಪನೂ ಒಬ್ಬರು. ಒಂದು ಬ್ಯಾಗ್, ಬೇರೆ ಏನಿಲ್ಲ. ಆ ಡಿಸೆಂಬರಿನಲ್ಲಿ ಯಾರೋ ದಾನಿಗಳ ಕಡೆಯಿಂದ ನಮಗೆ ಅಕ್ಕಿ, ಒಂದು ಕಂಬಳಿ, ಒಂದು ಪೊಟ್ಟಣ ತಿಂಡಿ ಬಂತು. ಕಂಬಳಿಯ ಅಂಚಿಗೆ ಬಣ್ಣದಲ್ಲಿ ಸಂಘದ ಹೆಸರು ಅಚ್ಚೊತ್ತಿತ್ತು. ತಿಂಡಿ ಪೊಟ್ಟಣದ ಮೇಲೂ ಇತ್ತು. ಮಮ್ಮಿ ತಿಂಡಿಯನ್ನು ಸ್ಟೀಲ್ ಡಬ್ಬಕ್ಕೆ ಸುರಿದು ಆ ಪ್ಲಾಸ್ಟಿಕ್ಕನ್ನು ಒಲೆಗೆ ಹಾಕಿದರು. ಕಂಬಳಿಯ ಹೆಸರು ಒಳಗೆ ಹೋಗುವ ಹಾಗೆ ಮಡಚಿ ಹೊಲಿದರು. ಆ ವರ್ಷ ನಾವು ಪಕ್ಕದ ಮನೆಗಳಿಗೆ ತಟ್ಟೆ ಕಳಿಸಲಿಲ್ಲ, ಯಾಕೆಂದರೆ ಅಂಥದ್ದೇ ಪೊಟ್ಟಣ ಎಲ್ಲರೂ ನೋಡಿದ್ದರು.

ಹಾಗಾಗಿ ಕಡಿಮೆ ಮಾಡಿದ ಆ ಒಂದು ಸ್ಟಾರನ್ನು ವಾಪಸ್ ಕೊಟ್ಟಿದ್ದೇನೆ. ಮುರಿದ ಕೊಕ್ಕಿಸಾಂ ಬಗ್ಗೆ ದೂರು ಹಾಗೇ ಇದೆ, ಅದು ಬೇರೆ ವಿಷಯ, ಪದರದ ಮಧ್ಯೆ ಒಂದು ಬಟರ್ ಪೇಪರ್ ಇಟ್ಟರೆ ಇಬ್ಬರಿಗೂ ಮುರಿಯದೆ ಸಿಗುತ್ತದೆ.

ಇದೇ ಕಾಲದಲ್ಲಿ ಬೇರೆ ಕಡೆ ನೋಡಿದ್ದನ್ನೂ ಬರೆಯಬೇಕು. ಬೆಂಗಳೂರಿನಲ್ಲಿ ಒಂದು ಕಡೆ ಕ್ರಿಸ್‌ಮಸ್ ಸೇವಾ ಕಾರ್ಯಕ್ರಮ ಅಂತ ಕರೆದಿದ್ದರು. ಸಾಂತಾ ವೇಷದವರು ಒಬ್ಬೊಬ್ಬ ಅಜ್ಜಿಯನ್ನೂ ವೇದಿಕೆಗೆ ಕರೆದು, ಕೇಕಿನ ಡಬ್ಬವನ್ನು ಅರ್ಧ ಕೊಟ್ಟು ಅರ್ಧ ಹಿಡಿದುಕೊಂಡು, ಕ್ಯಾಮೆರಾದವನು ಸರಿ ಅನ್ನುವ ತನಕ ಬಿಡುತ್ತಿರಲಿಲ್ಲ. ಒಂದು ಅಜ್ಜಿಯಂತೂ ಎರಡು ಸಲ ಎಳೆದರು. ಸಾಂತಾ ಕ್ಲಾಸ್ ಅಂತ ಇವರು ವೇಷ ಹಾಕುವುದು ನಾಲ್ಕನೇ ಶತಮಾನದಲ್ಲಿ ಈಗಿನ ಟರ್ಕಿಯ ಮೈರಾ ಎಂಬಲ್ಲಿ ಬಿಷಪ್ ಆಗಿದ್ದ ಸಂತ ನಿಕೊಲಾಸರದ್ದು. ಡಿಸೆಂಬರ್ 6 ಅವರ ಹಬ್ಬ. ವರದಕ್ಷಿಣೆಗೆ ದುಡ್ಡಿಲ್ಲದೆ ಮೂರು ಹೆಣ್ಣುಮಕ್ಕಳ ಮದುವೆ ನಿಂತಿದ್ದ ಮನೆಗೆ ಅವರು ರಾತ್ರಿ ಹೊತ್ತು ಕಿಟಕಿಯಿಂದ ಚಿನ್ನದ ಗಂಟು ಎಸೆದು ಹೋಗುತ್ತಿದ್ದರು ಅಂತ ಕಥೆ. ಯಾರೂ ನೋಡಬಾರದು ಅಂತಲೇ ರಾತ್ರಿ ಹೋದದ್ದು. ಅವರ ವೇಷ ಹಾಕಿಕೊಂಡು ಫ್ಲಾಶ್ ಲೈಟ್ ಹೊಡೆಸುತ್ತಾರಲ್ಲ ಅಂತ ನನಗೆ ನಗುವೇ ಬಂತು.

ನಮ್ಮ ಇಗರ್ಜಿಯಲ್ಲಿ ಎಲ್ಲಾ ಚೆಂದ ಅಂತಲೂ ಅಲ್ಲ. ಗೋದಲಿಯ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯ, ಪಕ್ಕದಲ್ಲಿ ದಾನಿಗಳ ಹೆಸರಿನ ಫ್ಲೆಕ್ಸ್ ಹಾಕಿದ್ದರು, ಅದು ಗೋದಲಿಗಿಂತ ದೊಡ್ಡದು. ಬೈಹುಲ್ಲಿನ ಮೇಲೆ ಮಲಗಿಸುವ ಬಾಲಯೇಸುವಿಗೆ ಅದರ ನೆರಳು ಬೀಳುವಂತಿತ್ತು. ಯುವಕರ ಕ್ಯಾರಲ್ ತಂಡ ನಮ್ಮ ಮನೆಗೆ ಬಂದದ್ದು ರಾತ್ರಿ ಒಂಬತ್ತೂವರೆಗೆ, ಎರಡು ಹಾಡು ಹೇಳಿ ಮೂರನೆಯದರ ಅರ್ಧದಲ್ಲಿ ಕವರ್ ತೆಗೆದುಕೊಂಡು ಓಡಿದರು, ಇನ್ನೂ ಹದಿನಾಲ್ಕು ಮನೆ ಬಾಕಿ ಇತ್ತಂತೆ. ಗಿಟಾರ್ ಶ್ರುತಿಯಲ್ಲಿ ಇರಲಿಲ್ಲ. ಆದರೂ ಮಕ್ಕಳು ಉತ್ಸಾಹದಲ್ಲಿದ್ದರು, ಅದಕ್ಕೆ ನಾನು ಅಂಕ ಕೊಡಲು ಹೋಗುವುದಿಲ್ಲ.

ಡಬ್ಬದ ಬಗ್ಗೆ ನನ್ನ ನಿಜವಾದ ದೊಡ್ಡ ದೂರು ಇದು, ಮಳಿಗೆಯವರು ಓದಿದರೆ ದಯವಿಟ್ಟು ಗಮನಿಸಿ. ಯಾವುದರಲ್ಲಿ ಮೊಟ್ಟೆ ಇದೆ, ಯಾವುದರಲ್ಲಿ ಇಲ್ಲ ಅಂತ ಎಲ್ಲೂ ಬರೆದಿಲ್ಲ. ಬೆಂಗಳೂರಿನಲ್ಲಿ ನಮ್ಮ ಮೇಲಿನ ಮನೆಯ ಆಂಟಿ ಮೊಟ್ಟೆ ತಿನ್ನುವುದಿಲ್ಲ. ಪ್ರತಿ ವರ್ಷ ಅವರಿಗೆ ಅಂತ ಮಮ್ಮಿ ಬೇರೆ ತಟ್ಟೆ ಮಾಡುತ್ತಿದ್ದರು. ಈ ಸಲ ಡಬ್ಬ ಕೊಡಲು ಮೆಟ್ಟಿಲು ಹತ್ತಿದವಳು ಅರ್ಧಕ್ಕೆ ನಿಂತು ಊರಿಗೆ ಫೋನ್ ಮಾಡಿ, ಅವರು ಇನ್ಯಾರಿಗೋ ಮಾಡಿ, ಕೊನೆಗೆ ಉತ್ತರ ಬಂತು. ಕಿಡ್ಯೊ, ಕೊಕ್ಕಿಸಾಂ ಎರಡರಲ್ಲೂ ಮೊಟ್ಟೆ ಇದೆ, ನೆವ್ರ್ಯೊ, ಚಕ್ಲಿ, ಎಳ್ಳುಂಡೆ, ಪೆರಾಡ್ ಇದರಲ್ಲಿ ಇಲ್ಲ. ಆದರೆ ಕರಿದ ಎಣ್ಣೆ ಒಂದೇನಾ ಅಂತ ಆಂಟಿ ಕೇಳಿದರು. ಹೌದು, ಒಂದೇ. ಹಾಗಾಗಿ ಅವರು ಎಳ್ಳುಂಡೆ, ಪೆರಾಡ್ ಮಾತ್ರ ಇಟ್ಟುಕೊಂಡರು, ಅದೂ ನನ್ನ ಮುಖ ನೋಡಿ. ಕುಸ್ವಾರ್ ಇರುವುದೇ ಪಕ್ಕದ ಮನೆಗೆ ಕೊಡಲು, ಪಕ್ಕದ ಮನೆಯವರು ತಿನ್ನಬಹುದಾ ಅಂತ ಡಬ್ಬದ ಮೇಲೆ ಎರಡು ಸಾಲು ಬರೆಯಬಾರದಾ.

ಬಾಳಿಕೆ ಚೆನ್ನಾಗಿದೆ. ಮೂರು ರಾಯರ ಹಬ್ಬದವರೆಗೂ, ಅಂದರೆ ಜನವರಿ ಮೊದಲ ವಾರ ಗೋದಲಿ ಬಿಚ್ಚುವ ತನಕ, ಕಿಡ್ಯೊ ಗರಿಗರಿಯಾಗಿಯೇ ಇತ್ತು. ನೆವ್ರ್ಯೊ ಮಾತ್ರ ಹತ್ತು ದಿನದೊಳಗೆ ಮುಗಿಸಿ, ಕೊಬ್ಬರಿ ಇದೆ. ಚಕ್ಲಿ ಮೆತ್ತಗಾದರೆ ಬಿಸಿಲಿಗೆ ಇಡಿ.

ಜನವರಿಯಲ್ಲಿ ಮತ್ತೆ ಊರಿಗೆ ಹೋದಾಗ ಇಗರ್ಜಿಯ ನೋಟೀಸ್ ಬೋರ್ಡಿನಲ್ಲಿ ಲೆಕ್ಕ ಅಂಟಿಸಿದ್ದರು. ಎಷ್ಟು ಡಬ್ಬ ಮಾರಿತು, ಎಣ್ಣೆಗೆ ಎಷ್ಟು, ಗೋಡಂಬಿಗೆ ಎಷ್ಟು, ನಿಧಿಗೆ ಎಷ್ಟು, ಆ ನಿಧಿಯಿಂದ ಔಷಧಿಗೆ, ಶಾಲೆ ಫೀಸಿಗೆ, ಅಕ್ಕಿಗೆ ಎಷ್ಟು ಅಂತ ಬಿಡಿಬಿಡಿಯಾಗಿ ಇತ್ತು. ತೆಗೆದುಕೊಂಡವರ ಹೆಸರು ಒಂದೂ ಇಲ್ಲ. ಕೂಡಿಸಿದ್ದರಲ್ಲಿ ಒಂದು ಕಡೆ ಹತ್ತು ರೂಪಾಯಿ ತಪ್ಪಿತ್ತು, ಯಾರೋ ಪೆನ್ಸಿಲಿನಲ್ಲಿ ತಿದ್ದಿದ್ದರು.

ಐದಕ್ಕೆ ನಾಲ್ಕು ಕೊಡುತ್ತೇನೆ. ಸಾಲಿಗೆ ಅರ್ಧ, ಮೊಟ್ಟೆ ಬರೆಯದ್ದಕ್ಕೆ ಅರ್ಧ ಕಳೆದಿದ್ದೇನೆ. ಮಮ್ಮಿ ಕೊಟ್ಟದ್ದು ಮೂರು, ಅದೂ ಕಿಡ್ಯೊ ನೋಡಿ. ಬಾಯಿ ಬಿಟ್ಟ ನೆವ್ರಿ ಅವರಿಗೆ ಇನ್ನೂ ಸಹಿಸಲಾಗಿಲ್ಲ.

ಆ ಏಳು ನೆವ್ರಿಗಳ ದೂರನ್ನು ಬೋರ್ಡಿನ ಹತ್ತಿರ ಸಿಕ್ಕಿದ ಮಳಿಗೆಯ ಆಂಟಿಗೇ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. "ನೀರು ಮುಟ್ಟಿಸಿ ಒತ್ತಬೇಕು ಅಂತ ನಿನಗೆ ಗೊತ್ತುಂಟಲ್ಲ, ಹಾಗಾದರೆ ಡಿಸೆಂಬರ್ ಮೊದಲ ಶನಿವಾರ ಬೆಳಿಗ್ಗೆ ಎಂಟಕ್ಕೆ ಇಗರ್ಜಿಯ ಹಾಲ್‌ಗೆ ಬಾ" ಅಂದು ಪುಸ್ತಕ ತೆಗೆದು ನನ್ನ ಹೆಸರು ಬರೆದುಕೊಂಡೇಬಿಟ್ಟರು. ಮಮ್ಮಿಯ ಹೆಸರನ್ನೂ ಬರೆದರು, ಕೂತು ನೋಡಿ ಬಯ್ಯಲು ಅಂತೆ. ಬಾಚಣಿಗೆ ನಾವೇ ತರಬೇಕು. ಹೊಸದೇ ಆಗಬೇಕು, ತಲೆ ಬಾಚಿದ್ದು ಬೇಡ ಅಂತ ಎರಡು ಸಲ ಹೇಳಿದರು.